ಕೈ ಹೇಳಿದ್ದು ಗಾಲಿಗೆ, ಗಾಲಿ ಹೇಳಿದ್ದು ಕೈಗೆ

ಜಾತ್ರೆಯಲ್ಲಿ ತೇರು ಎಳೆಯುವುದನ್ನು ನೀವು ನೋಡಿದ್ದೀರಿ. ನೂರಾರು ಜನ ಮಿಣಿ ಹಿಡಿದು ಎಳೆಯುತ್ತಾರೆ. ಎಲ್ಲರ ಕಣ್ಣು ಮೇಲಿನ ಕಳಸದ ಕಡೆಗಿರುತ್ತದೆ. ನಾಲ್ಕೈದು ಜನರ ಕಣ್ಣು ಮಾತ್ರ ಕೆಳಗೆ, ಗಾಲಿಯ ಮೇಲೆ. ಅವರ ಕೈಯಲ್ಲಿ ಮರದ ದಿಮ್ಮಿ. ತೇರು ಎಡಕ್ಕೋ ಬಲಕ್ಕೋ ಸರಿಯತೊಡಗಿದರೆ ಗಾಲಿಗೆ ಆ ದಿಮ್ಮಿ ಕೊಟ್ಟು ದಾರಿಗೆ ತರುತ್ತಾರೆ. ನಮ್ಮ ಕಡೆ ಇದಕ್ಕೆ ಸನ್ನೆ ಹಾಕುವುದು ಎನ್ನುತ್ತಾರೆ. ತೇರಿನ ಅಚ್ಚು ಕದಲುವುದಿಲ್ಲ. ಅದರ ಗಾಲಿ ಉರುಳುತ್ತದೆ, ಆದರೆ ಹೊರಳುವುದಿಲ್ಲ. ಹಾಗಾಗಿ ತೇರನ್ನು ತಿರುಗಿಸಲು ಜೀವ ಒತ್ತೆಯಿಟ್ಟು ಗಾಲಿಯ ಪಕ್ಕದಲ್ಲೇ ನಡೆಯುವ ಜನ ಬೇಕು.

ಕಾರಿನಲ್ಲಿ ಆ ಕೆಲಸ ಮಾಡುವುದು ಸ್ಟೇರಿಂಗ್. ಇವತ್ತಿನ ನನ್ನ ಮಾತೆಲ್ಲ ಅದರ ಬಗ್ಗೆಯೇ. ಸ್ಟೇರಿಂಗ್ ಹೇಗೆ ಕೆಲಸ ಮಾಡುತ್ತದೆ? ಅದಕ್ಕೆ ಬರುವ ಸಾಮಾನ್ಯ ದೋಷಗಳು ಯಾವುವು? ಆ ದೋಷಗಳನ್ನು ನೀವೇ ಮೊದಲು ಗುರುತಿಸುವುದು ಹೇಗೆ?

ಒಂದು ಮಾತನ್ನು ಮೊದಲಿಗೇ ಹೇಳಿಬಿಡುತ್ತೇನೆ. ಸ್ಟೇರಿಂಗ್ ಅಂದರೆ ಬರೀ ಗಾಡಿ ತಿರುಗಿಸುವ ಚಕ್ರ ಎಂದು ನಾವು ತಿಳಿದಿದ್ದೇವೆ. ಅದು ಅರ್ಧ ಮಾತ್ರ ನಿಜ. ನಿಮ್ಮ ಕೈ ಹೇಳಿದ್ದನ್ನು ಅದು ಗಾಲಿಗೆ ಮುಟ್ಟಿಸುತ್ತದೆ. ಹಾಗೆಯೇ ಗಾಲಿ ಹೇಳಿದ್ದನ್ನು ನಿಮ್ಮ ಕೈಗೆ ತಲುಪಿಸುತ್ತದೆ. ಸ್ಟೇರಿಂಗ್ ಕೆಡುವಾಗ ಸಾಮಾನ್ಯವಾಗಿ ಒಂದೇ ದಿನಕ್ಕೆ ಕೆಡುವುದಿಲ್ಲ. ವಾರಗಟ್ಟಲೆ, ತಿಂಗಳುಗಟ್ಟಲೆ ಕೈಗೆ ಹೇಳುತ್ತಲೇ ಇರುತ್ತದೆ. ಕೇಳಿಸಿಕೊಳ್ಳುವುದು ನಮ್ಮ ಕೆಲಸ.

ಮೊದಲಿಗೆ, ನಾಲ್ಕು ಗಾಲಿಯ ಗಾಡಿ ತಿರುಗುವುದು ಎಂದರೇನು ಅನ್ನುವುದನ್ನು ನೋಡೋಣ.

ಕಣದಲ್ಲಿ ಹಂತಿ ಹೊಡೆಯುತ್ತಿದ್ದುದು ಹಿರಿಯರಿಗೆ ನೆನಪಿರುತ್ತದೆ. ಕಣದ ನಡುವೆ ಮೇಟಿ ಕಂಬ. ಅದಕ್ಕೆ ಸಾಲಾಗಿ ಕಟ್ಟಿದ ಎತ್ತುಗಳು. ಎಲ್ಲವೂ ಸುತ್ತುತ್ತವೆ. ಆದರೆ ಮೇಟಿಯ ಹತ್ತಿರದ ಎತ್ತಿನ ಸುತ್ತು ಚಿಕ್ಕದು. ಅದು ಗಕ್ಕನೆ ಮೈ ತಿರುಗಿಸಬೇಕು. ಹೊರಗಿನ ಎತ್ತಿನ ಸುತ್ತು ದೊಡ್ಡದು. ಅದು ಸ್ವಲ್ಪವೇ ಓರೆಯಾಗಿ ಬೀಸಾಗಿ ನಡೆಯುತ್ತದೆ. ಎರಡೂ ಒಂದೇ ಸಮ ತಿರುಗಿದರೆ ಒಂದನ್ನೊಂದು ತಳ್ಳುತ್ತವೆ, ಇಲ್ಲವೇ ಎಳೆಯುತ್ತವೆ.

ಕಾರಿನ ಮುಂದಿನ ಎರಡು ಗಾಲಿಗಳೂ ಹೀಗೆಯೇ. ನೀವು ಬಲಕ್ಕೆ ತಿರುಗಿದಾಗ ಬಲಗಾಲಿ ಒಳಗಿನ ಎತ್ತು, ಎಡಗಾಲಿ ಹೊರಗಿನ ಎತ್ತು. ಬಲಗಾಲಿ ಹೆಚ್ಚು ಹೊರಳಬೇಕು. ಎಡಗಾಲಿ ಕಡಿಮೆ ಹೊರಳಬೇಕು. ಎರಡೂ ಒಂದೇ ಅಳತೆಗೆ ಹೊರಳಿದರೆ ಒಂದು ಟೈರು ಉರುಳುವ ಬದಲು ರಸ್ತೆಯ ಮೇಲೆ ಉಜ್ಜಿಕೊಂಡು ಹೋಗುತ್ತದೆ.

ಇದಕ್ಕೆ ಉಪಾಯ ಹುಡುಕಿದವರು ಕಾರು ಮಾಡಿದವರಲ್ಲ. ಕುದುರೆ ಗಾಡಿ ಮಾಡುತ್ತಿದ್ದವರು. ಜರ್ಮನಿಯ ಮ್ಯೂನಿಕ್ ನಗರದಲ್ಲಿ ಗೇಯೋರ್ಗ್ ಲಾಂಕೆನ್‌ಸ್ಪೆರ್ಗರ್ ಎಂಬ ಸಾರೋಟು ತಯಾರಕರಿದ್ದರು. ಅಚ್ಚನ್ನು ಹಾಗೆಯೇ ನಿಲ್ಲಿಸಿ, ಎರಡು ತುದಿಯ ಗಾಲಿಗಳನ್ನು ಮಾತ್ರ ಬೇರೆ ಬೇರೆಯಾಗಿ ಹೊರಳಿಸುವ ಜೋಡಣೆಯನ್ನು ಅವರು ಕಂಡುಹಿಡಿದರು. 1818ರಲ್ಲಿ ಅದಕ್ಕೆ ಲಂಡನ್ನಿನಲ್ಲಿ ಪೇಟೆಂಟ್ ಪಡೆದವರು ಅವರ ಪ್ರತಿನಿಧಿ ರುಡಾಲ್ಫ್ ಆಕರ್‌ಮನ್. ಹೆಸರು ಪ್ರತಿನಿಧಿಯದೇ ಉಳಿಯಿತು. ಇಂದಿಗೂ ಎಂಜಿನಿಯರಿಂಗ್ ಓದುವ ಮಕ್ಕಳು ಆಕರ್‌ಮನ್ ಸ್ಟೇರಿಂಗ್ ಎಂದೇ ಓದುತ್ತಾರೆ.

ಕಾರಿಗೆ ಇದು ಬರಲು ಬಹಳ ಕಾಲ ಹಿಡಿಯಿತು. 1886ರಲ್ಲಿ ಕಾರ್ಲ್ ಬೆಂಜ್ ಪೇಟೆಂಟ್ ಪಡೆದ ಮೋಟಾರು ಗಾಡಿಗೆ ಇದ್ದದ್ದು ಮೂರೇ ಗಾಲಿ. ನಾಲ್ಕು ಗಾಲಿಯನ್ನು ಸರಿಯಾಗಿ ತಿರುಗಿಸುವ ಬಗೆ ಅವರಿಗೆ ಆಗ ಒಗ್ಗಿರಲಿಲ್ಲ. 1893ರಲ್ಲಿ ಅದನ್ನು ಸಾಧಿಸಿ ಮತ್ತೊಂದು ಪೇಟೆಂಟ್ ಪಡೆದರು. ಆ ಕಾಲದ ಗಾಡಿಗಳಲ್ಲಿ ಗುಂಡನೆಯ ಚಕ್ರವೂ ಅಪರೂಪ. ದೋಣಿಯ ಚುಕ್ಕಾಣಿಯ ಹಾಗೆ ಒಂದು ಹಿಡಿಕೋಲು ಇರುತ್ತಿತ್ತು. 1894ರಲ್ಲಿ ಫ್ರಾನ್ಸಿನ ಪ್ಯಾರಿಸ್‌ನಿಂದ ರೂಆನ್ ಊರಿಗೆ ಗಾಡಿಗಳ ಪಂದ್ಯ ನಡೆಯಿತು. ಅದರಲ್ಲಿ ಆಲ್ಫ್ರೆಡ್ ವಾಶೆರೋನ್ ಎಂಬುವರು ತಮ್ಮ ಪಾನಾರ್ ಗಾಡಿಗೆ ಹಿಡಿಕೋಲಿನ ಬದಲು ಗುಂಡನೆಯ ಚಕ್ರ ಹಾಕಿಕೊಂಡು ಬಂದರು. ಇವತ್ತು ನಾವು ಹಿಡಿಯುವ ಚಕ್ರದ ಕಥೆ ಅಲ್ಲಿಂದ ಶುರು.

ಇಲ್ಲಿಯವರೆಗೆ ಹೇಳಿದ್ದು ಇಷ್ಟು. ಗಾಡಿ ತಿರುಗಬೇಕಾದರೆ ಒಳಗಿನ ಗಾಲಿ ಹೆಚ್ಚು, ಹೊರಗಿನ ಗಾಲಿ ಕಡಿಮೆ ಹೊರಳಬೇಕು. ಈಗ ಮುಂದಿನ ಮಾತು. ನಿಮ್ಮ ಕೈಯ ಮಾತು ಗಾಲಿಯವರೆಗೆ ಹೇಗೆ ಹೋಗುತ್ತದೆ?

ಸ್ಟೇರಿಂಗ್ ಚಕ್ರದ ಅಗಲ ಸುಮಾರು 15 ಅಂಗುಲ. ಅದರ ನಡುವಿನಿಂದ ಒಂದು ಉಕ್ಕಿನ ದಂಡ ಕೆಳಕ್ಕೆ ಇಳಿಯುತ್ತದೆ. ಅದು ನೆಟ್ಟಗೆ ಹೋಗಲಾರದು. ಕಾಲಿನ ಹತ್ತಿರ ಮಣಿಕಟ್ಟಿನಂತೆ ಬಾಗಬೇಕು. ಅದಕ್ಕಾಗಿ ನಡುವೆ ಕೀಲುಗಳಿವೆ. ದಂಡದ ತುದಿಗೆ ಒಂದು ಪುಟ್ಟ ಹಲ್ಲುಚಕ್ರವಿದೆ. ಗಾತ್ರದಲ್ಲಿ ಹೆಬ್ಬೆರಳಿನಷ್ಟು. ಇದಕ್ಕೆ ಪಿನಿಯನ್ ಎಂದು ಹೆಸರು. ಅದರ ಕೆಳಗೆ ಅಡ್ಡಡ್ಡಲಾಗಿ ಮಲಗಿದ ಒಂದು ಹಲ್ಲಿನ ಸರಳು. ಅದೇ ರ‍್ಯಾಕ್.

ಮನೆಯಲ್ಲಿರುವ ಬಾಚಣಿಗೆಯನ್ನು ನೆನಪು ಮಾಡಿಕೊಳ್ಳಿ. ಹಲ್ಲು ಮೇಲಾಗಿ ಮಲಗಿಸಿದ ಬಾಚಣಿಗೆ. ಅದರ ಮೇಲೆ ಒಂದು ಚಿಕ್ಕ ಹಲ್ಲುಚಕ್ರವನ್ನಿಟ್ಟು, ಚಕ್ರ ಸರಿಯದಂತೆ ಹಿಡಿದು ತಿರುಗಿಸಿದರೆ ಏನಾಗುತ್ತದೆ? ಬಾಚಣಿಗೆ ಎಡಕ್ಕೆ ಇಲ್ಲವೇ ಬಲಕ್ಕೆ ಸರಿಯುತ್ತದೆ. ಸುತ್ತುವ ಚಲನೆ ಸರಿಯುವ ಚಲನೆಯಾಯಿತು. ಇಷ್ಟೇ ಇದರ ಮರ್ಮ. ರ‍್ಯಾಕಿನ ಎರಡು ತುದಿಗೂ ಒಂದೊಂದು ಸರಳು. ಅವೇ ಟೈ ರಾಡುಗಳು. ಒಂದೊಂದು ಟೈ ರಾಡಿನ ತುದಿಯಲ್ಲೂ ಒಂದು ಗುಂಡುಕೀಲು. ಗ್ಯಾರೇಜಿನಲ್ಲಿ ಅದನ್ನು ಟೈ ರಾಡ್ ಎಂಡ್ ಎನ್ನುತ್ತಾರೆ. ನಮ್ಮ ಭುಜದ ಕೀಲಿನಂತೆ ಅದು ಎಲ್ಲ ಕಡೆಗೂ ಆಡುತ್ತದೆ. ಅದೇ ಗಾಲಿಯನ್ನು ಹಿಡಿದು ಹೊರಳಿಸುತ್ತದೆ.

ಲಾರಿಗಳಲ್ಲಿ, ಹಳೆಯ ಜೀಪುಗಳಲ್ಲಿ ರ‍್ಯಾಕ್ ಬದಲು ಸ್ಟೇರಿಂಗ್ ಬಾಕ್ಸ್ ಇರುತ್ತದೆ. ಅದರೊಳಗೆ ತಿರುಪಿನಂಥ ದಂಡ. ಹಲವು ಗಾಡಿಗಳಲ್ಲಿ ಆ ತಿರುಪಿನ ಗೆರೆಗಳಲ್ಲಿ ಗೋಲಿಯಂಥ ಉಕ್ಕಿನ ಗುಂಡುಗಳು ಉರುಳುತ್ತವೆ. ಭಾರದ ಗಾಡಿಗೆ ಅದು ಗಟ್ಟಿ. ಆದರೆ ಕೆಲಸ ಅದೇ.

ಒಂದು ಲೆಕ್ಕ ಹೇಳುತ್ತೇನೆ. ಸಾಮಾನ್ಯ ಕಾರಿನಲ್ಲಿ ಸ್ಟೇರಿಂಗನ್ನು ಎಡತುದಿಯಿಂದ ಬಲತುದಿಗೆ ತಿರುಗಿಸಲು ಸುಮಾರು ಮೂರೂವರೆ ಸುತ್ತು ಬೇಕು. ಅಷ್ಟಕ್ಕೆ ರ‍್ಯಾಕ್ ಸರಿಯುವುದು ಒಂದು ಗೇಣಿಗಿಂತ ಕಡಿಮೆ. ನೀವು 16 ಪಾಲು ತಿರುಗಿಸಿದರೆ ಗಾಲಿ ಹೊರಳುವುದು ಸುಮಾರು ಒಂದು ಪಾಲು. ಹೀಗಾಗಿ ಕೈಗೆ ಬಲ ಕಡಿಮೆ ಸಾಕು. ಅದಕ್ಕಿಂತ ಮುಖ್ಯವಾಗಿ, ಕೈ ಸ್ವಲ್ಪ ಅಲುಗಿದ ಮಾತ್ರಕ್ಕೆ ಗಾಡಿ ದಾರಿ ಬಿಡುವುದಿಲ್ಲ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ 22 ಮೀಟರ್ ಮುಂದೆ ಹೋಗಿರುತ್ತದೆ. ಆ ವೇಗದಲ್ಲಿ ಈ ನಿಧಾನವೇ ನಮ್ಮನ್ನು ಕಾಯುತ್ತದೆ.

ಹೀಗೆ ಕೈಯ ಮಾತು ಗಾಲಿಗೆ ಹೋಯಿತು. ಚಕ್ರದಿಂದ ದಂಡಕ್ಕೆ, ದಂಡದಿಂದ ಪಿನಿಯನ್‌ಗೆ, ಪಿನಿಯನ್‌ನಿಂದ ರ‍್ಯಾಕಿಗೆ, ರ‍್ಯಾಕಿನಿಂದ ಟೈ ರಾಡಿಗೆ, ಅಲ್ಲಿಂದ ಗಾಲಿಗೆ. ಈಗ ಗಾಲಿಯ ಮಾತು ಕೈಗೆ ಬರುವ ಬಗೆ.

ತಿರುವು ಮುಗಿದ ಮೇಲೆ ಕೈ ಸಡಿಲ ಬಿಟ್ಟರೆ ಸ್ಟೇರಿಂಗ್ ತಾನಾಗಿ ನೇರಕ್ಕೆ ಬರುತ್ತದೆ. ನೀವು ಗಮನಿಸಿರಬಹುದು. ಅದನ್ನು ಯಾವ ಸ್ಪ್ರಿಂಗೂ ಎಳೆಯುವುದಿಲ್ಲ. ಕಚೇರಿಯಲ್ಲಿ ಗಾಲಿ ಕುರ್ಚಿ ಇರುತ್ತದಲ್ಲ? ಅದನ್ನು ತಳ್ಳಿದಾಗ ಪುಟ್ಟ ಗಾಲಿಗಳು ಗಿರಕ್ಕನೆ ತಿರುಗಿ ಕುರ್ಚಿಯ ಹಿಂದೆ ಹಿಂದೆ ಬರುತ್ತವೆ. ಗಾಲಿಯನ್ನು ಹಿಡಿದ ಮೊಳೆ ಮುಂದೆ, ಗಾಲಿ ಹಿಂದೆ. ಕಾರಿನ ಮುಂದಿನ ಗಾಲಿಯನ್ನೂ ಹೀಗೆಯೇ ಜೋಡಿಸಿರುತ್ತಾರೆ. ಗಾಲಿ ಹೊರಳುವ ಗೆರೆಯನ್ನು ಸ್ವಲ್ಪ ಹಿಂದಕ್ಕೆ ವಾಲಿಸಿರುತ್ತಾರೆ. ಸೈಕಲ್ಲಿನ ಮುಂದಿನ ಕವಲು ವಾಲಿದಂತೆ. ಇದರ ಹೆಸರು ಕ್ಯಾಸ್ಟರ್. ಇದರಿಂದಲೇ ಗಾಡಿ ನೇರ ದಾರಿಯನ್ನು ತಾನೇ ಹುಡುಕುತ್ತದೆ.

ಒಂದೊಂದು ಟೈರು ರಸ್ತೆಯನ್ನು ಮುಟ್ಟಿರುವುದು ಹೆಚ್ಚುಕಡಿಮೆ ಒಂದು ಅಂಗೈ ಅಗಲದಷ್ಟು. ಆ ಅಂಗೈಗೆ ಮರಳು ಸಿಕ್ಕಿತೋ, ನೀರು ಸಿಕ್ಕಿತೋ, ತಗ್ಗು ಸಿಕ್ಕಿತೋ, ಅದೆಲ್ಲ ಇದೇ ದಾರಿಯಲ್ಲಿ ಹಿಂದಿರುಗಿ ನಿಮ್ಮ ಅಂಗೈಗೆ ಬರುತ್ತದೆ. ಮಳೆಗಾಲದಲ್ಲಿ ನಿಂತ ನೀರಿನ ಮೇಲೆ ವೇಗವಾಗಿ ಹೋದಾಗ ಸ್ಟೇರಿಂಗ್ ಇದ್ದಕ್ಕಿದ್ದಂತೆ ಹಗುರವಾದರೆ, ಟೈರು ರಸ್ತೆ ಬಿಟ್ಟು ನೀರಿನ ಮೇಲೆ ತೇಲಿದೆ ಎಂದು ಅರ್ಥ. ಆಗ ಸ್ಟೇರಿಂಗ್ ಎಳೆದಾಡಬೇಡಿ. ಬ್ರೇಕ್ ಒತ್ತಬೇಡಿ. ಆಕ್ಸಿಲರೇಟರ್ ಮೇಲಿನ ಕಾಲನ್ನು ಮೆಲ್ಲಗೆ ಎತ್ತಿ.

ಕೈಯ ಮಾತು ಆಯಿತು, ಗಾಲಿಯ ಮಾತು ಆಯಿತು. ಈಗ ಈ ಎರಡರ ನಡುವೆ ಬಂದ ಮೂರನೆಯವನು. ಪವರ್ ಸ್ಟೇರಿಂಗ್.

1983ರಲ್ಲಿ ಬಂದ ಮಾರುತಿ 800 ಕಾರಿಗೆ ಪವರ್ ಸ್ಟೇರಿಂಗ್ ಇರಲಿಲ್ಲ. ಗಾಡಿಯೇ ಹಗುರ, ಅದು ನಡೆಯಿತು. ಆದರೆ ಭಾರದ ಗಾಡಿಯನ್ನು ನಿಂತಲ್ಲೇ ತಿರುಗಿಸಲು ತೋಳಿನ ಬಲ ಬೇಕು. ಅಮೆರಿಕದ ಫ್ರಾನ್ಸಿಸ್ ಡೇವಿಸ್ ಎಂಬ ಎಂಜಿನಿಯರ್ 1926ರಲ್ಲೇ ಎಣ್ಣೆಯ ಒತ್ತಡದಿಂದ ನಡೆಯುವ ಪವರ್ ಸ್ಟೇರಿಂಗ್ ಮಾಡಿ ತೋರಿಸಿದರು. ಅದು ಮಾರಾಟದ ಕಾರಿಗೆ ಬಂದದ್ದು 1951ರಲ್ಲಿ, ಕ್ರೈಸ್ಲರ್ ಕಂಪನಿಯ ಇಂಪೀರಿಯಲ್ ಕಾರಿನಲ್ಲಿ. ಎಂಜಿನ್ ಒಂದು ಬೆಲ್ಟಿನ ಮೂಲಕ ಪಂಪನ್ನು ತಿರುಗಿಸುತ್ತದೆ. ಪಂಪು ಎಣ್ಣೆಯನ್ನು ಒತ್ತುತ್ತದೆ. ಎಣ್ಣೆ ರ‍್ಯಾಕನ್ನು ಪಕ್ಕಕ್ಕೆ ತಳ್ಳುತ್ತದೆ.

1988ರಲ್ಲಿ ಜಪಾನಿನ ಸುಜುಕಿ ಸರ್ವೋ ಎಂಬ ಪುಟ್ಟ ಕಾರಿಗೆ ಎಣ್ಣೆಯ ಬದಲು ವಿದ್ಯುತ್ ಮೋಟಾರು ಬಂತು. ಇಂದು ನಮ್ಮ ರಸ್ತೆಯ ಹೆಚ್ಚಿನ ಹೊಸ ಕಾರುಗಳಲ್ಲಿ ಇರುವುದು ಈ ಬಗೆಯೇ.

ಎಣ್ಣೆಯಿರಲಿ, ಮೋಟಾರಿರಲಿ, ಎಷ್ಟು ನೆರವು ಬೇಕೆಂದು ಅದಕ್ಕೆ ತಿಳಿಯುವುದು ಹೇಗೆ? ದಂಡದ ನಡುವೆ ಒಂದು ಸಣ್ಣ ಉಕ್ಕಿನ ಕಡ್ಡಿ ಇದೆ. ನೀವು ತಿರುಗಿಸಿದಾಗ, ಒದ್ದೆ ಬಟ್ಟೆಯನ್ನು ಹಿಂಡಿದಂತೆ ಅದು ಕೂದಲೆಳೆಯಷ್ಟು ಹುರಿಗೊಳ್ಳುತ್ತದೆ. ಎಷ್ಟು ಹುರಿಗೊಂಡಿತೋ ಅಷ್ಟು ನೆರವು. ಕೈ ಬಿಟ್ಟರೆ ಹುರಿ ಬಿಚ್ಚುತ್ತದೆ, ನೆರವು ನಿಲ್ಲುತ್ತದೆ.

ಒಂದು ಮಾತು ಮನಸ್ಸಿನಲ್ಲಿರಲಿ. ಪವರ್ ಸ್ಟೇರಿಂಗ್ ಕೆಟ್ಟರೂ ನಮ್ಮ ಸಾಮಾನ್ಯ ಕಾರುಗಳಲ್ಲಿ ಕೈಗೂ ಗಾಲಿಗೂ ಇರುವ ಉಕ್ಕಿನ ಸಂಬಂಧ ಕಡಿಯುವುದಿಲ್ಲ. ಸ್ಟೇರಿಂಗ್ ಬಹಳ ಬಿಗಿಯಾಗುತ್ತದೆ, ಅಷ್ಟೇ. ಗಾಬರಿಯಾಗದೆ ಎರಡೂ ಕೈಯಿಂದ ಬಲವಾಗಿ ಹಿಡಿದು, ನಿಧಾನವಾಗಿ ಗಾಡಿಯನ್ನು ಬದಿಗೆ ತರಬಹುದು.

ಇಲ್ಲಿಗೆ ಸ್ಟೇರಿಂಗ್ ಕೆಲಸ ಮಾಡುವ ಬಗೆ ಮುಗಿಯಿತು. ಇನ್ನು ಅದು ಕೆಡುವ ಬಗೆ. ನನಗೇ ಆದ ಒಂದು ಅನುಭವದಿಂದ ಶುರು ಮಾಡುತ್ತೇನೆ.

ಸುಮಾರು 15 ವರ್ಷದ ಹಿಂದಿನ ಮಾತು. ಧಾರವಾಡದಿಂದ ಹಳಿಯಾಳ ದಾಟಿ ದಾಂಡೇಲಿ ಕಡೆಗೆ ಆಗಾಗ ಹೋಗಿ ಬರುತ್ತಿದ್ದೆ. ಹಳೆಯ ಕಾರು. ರಸ್ತೆಯ ಉಬ್ಬು ಹತ್ತಿಳಿದಾಗ ಮುಂದೆ ಎಡಗಡೆ ಟಕ್ ಎಂದು ಒಂದು ಸದ್ದು. ಡಿಕ್ಕಿಯಲ್ಲಿಟ್ಟ ಜಾಕು ಅಲುಗಾಡುತ್ತಿರಬೇಕು ಎಂದುಕೊಂಡೆ. ಹೀಗೆಯೇ ಒಂದು ತಿಂಗಳು ಕಳೆಯಿತು. ಎಂಜಿನ್ ಆಯಿಲ್ ಬದಲಿಸಲು ಪರಿಚಯದ ಮಿಸ್ತ್ರಿಯ ಹತ್ತಿರ ಹೋದಾಗ ಮಾತಿನ ನಡುವೆ ಈ ಸದ್ದಿನ ವಿಷಯ ಬಂತು. ಅವರು ಕೈಯಲ್ಲಿದ್ದ ಕೆಲಸ ಬಿಟ್ಟರು. ಎಡಗಾಲಿಗೆ ಜಾಕು ಕೊಟ್ಟು ಎತ್ತಿದರು. ಗಾಲಿಯ ಎಡಬದಿಗೆ ಒಂದು ಕೈ, ಬಲಬದಿಗೆ ಒಂದು ಕೈ ಹಾಕಿ ಜಗ್ಗಿದರು. ಟಕ್ ಟಕ್. ಆಮೇಲೆ ಹುಡುಗನಿಗೆ ಗಾಲಿ ಅಲುಗಿಸಲು ಹೇಳಿ, ನನ್ನ ಕೈ ಹಿಡಿದು ಬೆರಳನ್ನು ಟೈ ರಾಡ್ ಎಂಡಿನ ಮೇಲೆ ಇಡಿಸಿದರು. ನನ್ನ ಬೆರಳಿನ ಕೆಳಗೆ ಉಕ್ಕು ಉಕ್ಕಿಗೆ ಬಡಿಯುತ್ತಿತ್ತು. ಸಡಿಲವಾದ ಹಲ್ಲು ನಾಲಿಗೆಗೆ ಸಿಕ್ಕ ಹಾಗೆ.

"ಸರ, ಇದು ತಿಂಗಳಿಂದ ಒದರಾಕ ಹತ್ತೇತಿ. ನೀವು ಕಿವಿಗೆ ಹಾಕ್ಕೊಂಡಿಲ್ಲ," ಎಂದರು.

ಬಿಚ್ಚಿ ನನ್ನ ಅಂಗೈಯಲ್ಲಿಟ್ಟರು. ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡ ತುಂಡು. ಮೇಲಿನ ರಬ್ಬರ್ ಟೊಪ್ಪಿಗೆ ಹರಿದಿತ್ತು. ಒಳಗಿನ ಗ್ರೀಸೆಲ್ಲ ಹೋಗಿ, ಅದರ ಜಾಗದಲ್ಲಿ ಕೆಂಪು ಮಣ್ಣೂ ತುಕ್ಕೂ ಸೇರಿ ಕೆಸರಾಗಿತ್ತು. ಗುಂಡು ತನ್ನ ಬಟ್ಟಲಿನಲ್ಲಿ ಲೊಡಲೊಡ ಆಡುತ್ತಿತ್ತು. ದೊಡ್ಡ ತಗ್ಗಿಗೆ ಬಿದ್ದಿದ್ದರೆ ಅದು ಕಳಚಿಕೊಳ್ಳಬಹುದಿತ್ತು. ಕಳಚಿದರೆ ಆ ಗಾಲಿ ಯಾರ ಮಾತನ್ನೂ ಕೇಳುವುದಿಲ್ಲ. ಹೊಸ ತುಂಡಿನ ಬೆಲೆ ಕೆಲವೇ ನೂರು ರೂಪಾಯಿ.

ಹಳೆಯದನ್ನು ಬಿಚ್ಚುವಾಗ ಅವರು ಬಾಯಲ್ಲಿ ಎಣಿಸುತ್ತಿದ್ದರು. ಎಷ್ಟು ಸುತ್ತಿಗೆ ಬಿಚ್ಚಿತೋ ಅಷ್ಟೇ ಸುತ್ತಿಗೆ ಹೊಸದನ್ನು ಬಿಗಿದರು. ಒಂದು ಸುತ್ತು ಹೆಚ್ಚುಕಡಿಮೆಯಾದರೂ ಗಾಲಿ ಓರೆಯಾಗುತ್ತದೆ. ಅಷ್ಟು ಎಣಿಸಿ ಬಿಗಿದ ಮೇಲೂ, ಹೋಗಿ ಅಲೈನ್‌ಮೆಂಟ್ ಮಾಡಿಸಿಕೊಳ್ಳಿ ಎಂದು ಹೇಳಿ ಕಳಿಸಿದರು. ಉಬ್ಬಿನ ಮೇಲೆ ಟಕ್ ಸದ್ದು ಬಂದರೆ ಮೊದಲು ನೋಡಬೇಕಾದ್ದು ಮುಂಗಾಲಿಯ ಈ ಕೀಲುಗಳನ್ನು. ಇದು ನಾನು ಅಂದು ಕಲಿತ ಪಾಠ.

ಟಕ್ ಸದ್ದು ಒಂದು ಮಾತು. ಸ್ಟೇರಿಂಗ್ ಆಡುವ ಇನ್ನೂ ಐದು ಮಾತುಗಳನ್ನು ಒಂದೊಂದಾಗಿ ಹೇಳುತ್ತೇನೆ.

ಮೊದಲನೆಯದು ಪ್ಲೇ. ಸ್ಟೇರಿಂಗ್ ಸ್ವಲ್ಪ ತಿರುಗುತ್ತದೆ, ಆದರೆ ಗಾಲಿ ಅಲುಗುವುದಿಲ್ಲ. ಗಾಡಿ ನಿಲ್ಲಿಸಿ, ಗಾಲಿ ನೇರವಿಟ್ಟು ನೋಡಿ. ಪವರ್ ಸ್ಟೇರಿಂಗ್ ಇದ್ದರೆ ಎಂಜಿನ್ ಚಾಲೂ ಇರಲಿ. ಒಂದೇ ಬೆರಳಿನಿಂದ ಚಕ್ರವನ್ನು ಮೆಲ್ಲಗೆ ಅತ್ತಿತ್ತ ಆಡಿಸಿ. ಚಕ್ರದ ಅಂಚಿನಲ್ಲಿ ಒಂದು ಅಂಗುಲಕ್ಕಿಂತ ಹೆಚ್ಚು ಸುಮ್ಮನೆ ಆಡಿದರೆ ಎಲ್ಲೋ ಸವೆತ ಬಂದಿದೆ. ಟೈ ರಾಡ್ ಎಂಡ್ ಇರಬಹುದು. ದಂಡದ ಕೀಲು ಇರಬಹುದು. ರ‍್ಯಾಕಿನ ಬುಷ್ ಇರಬಹುದು. ಸ್ಟೇರಿಂಗ್ ಬಾಕ್ಸ್ ಇರುವ ಗಾಡಿಯಲ್ಲಿ ಕೆಲವರು ಬಾಕ್ಸಿನ ಸ್ಕ್ರೂ ಬಿಗಿದು ಪ್ಲೇ ತೆಗೆಯುತ್ತಾರೆ. ಸವೆದದ್ದು ಕೀಲಾಗಿದ್ದರೆ ಬಾಕ್ಸ್ ಬಿಗಿದು ಫಲವಿಲ್ಲ. ಅತಿಯಾಗಿ ಬಿಗಿದರೆ ಸ್ಟೇರಿಂಗ್ ತಿರುವಿನಿಂದ ವಾಪಸು ಬರುವುದನ್ನೇ ನಿಲ್ಲಿಸುತ್ತದೆ.

ಎರಡನೆಯದು ಎಳೆತ. ಗಾಡಿ ಒಂದೇ ಕಡೆಗೆ ಎಳೆಯುತ್ತದೆ. ಮೊದಲು ಟೈರಿನ ಗಾಳಿ ನೋಡಿ. ಎಡಕ್ಕೆ ಎಳೆದರೆ ಎಡಟೈರಿನಲ್ಲಿ ಗಾಳಿ ಕಡಿಮೆ ಇರಬಹುದು. ಎಷ್ಟು ಗಾಳಿ ಬೇಕೆಂಬುದು ಹಲವು ಕಾರುಗಳಲ್ಲಿ ಚಾಲಕನ ಬಾಗಿಲಿನ ಚೌಕಟ್ಟಿನ ಮೇಲೆ ಅಂಟಿಸಿದ ಚೀಟಿಯಲ್ಲಿರುತ್ತದೆ. ಗಾಳಿ ಸರಿಯಿದ್ದರೆ ಮುಂದಿನದು ಬ್ರೇಕು. ಒಂದು ಗಾಲಿಯ ಬ್ರೇಕ್ ಬಿಡದೆ ಹಿಡಿದೇ ಇದ್ದರೆ ಗಾಡಿ ಆ ಕಡೆ ಎಳೆಯುತ್ತದೆ. ಸ್ವಲ್ಪ ದೂರ ಓಡಿಸಿ ನಿಲ್ಲಿಸಿ, ಗಾಲಿಯ ಹತ್ತಿರ ಅಂಗೈ ಒಡ್ಡಿ. ಮುಟ್ಟಬೇಡಿ. ಒಂದರ ಕಾವು ಇನ್ನೊಂದಕ್ಕಿಂತ ಬಹಳ ಹೆಚ್ಚಿದ್ದರೆ ಅಲ್ಲಿದೆ ದೋಷ. ಎರಡೂ ಸರಿಯಿದ್ದರೆ ಅಲೈನ್‌ಮೆಂಟ್. ಒಂದು ಎಚ್ಚರಿಕೆ. ಮಳೆ ನೀರು ಹರಿದುಹೋಗಲೆಂದು ರಸ್ತೆಯನ್ನು ಅಂಚಿನ ಕಡೆಗೆ ಇಳಿಜಾರಾಗಿ ಕಟ್ಟಿರುತ್ತಾರೆ. ನಾವು ಎಡಗಡೆ ಓಡಿಸುವವರು. ಹಾಗಾಗಿ ಗಾಡಿ ತುಸು ಎಡಕ್ಕೆ ಸರಿಯುವುದು ದೋಷವಲ್ಲ.

ಅಲೈನ್‌ಮೆಂಟ್ ಎಂದೆನಲ್ಲ, ಅದನ್ನು ತಿಳಿಯಲು ಒಂದು ಚಿಕ್ಕ ಪ್ರಯೋಗ ಮಾಡಿ. ಎದ್ದು ನಿಂತು ಎರಡು ಪಾದಗಳನ್ನು ನೇರವಿಡಿ. ಈಗ ಹೆಬ್ಬೆರಳುಗಳನ್ನು ಒಳಕ್ಕೆ ತಿರುಗಿಸಿ ನಾಲ್ಕು ಹೆಜ್ಜೆ ನಡೆಯಿರಿ. ಆಮೇಲೆ ಹೊರಕ್ಕೆ ತಿರುಗಿಸಿ ನಡೆಯಿರಿ. ಚಪ್ಪಲಿಯ ಅಂಚು ನೆಲಕ್ಕೆ ಉಜ್ಜುತ್ತದೆ. ಗಾಲಿಗಳೂ ಹೀಗೆ ಮಿತಿಮೀರಿ ಒಳಮುಖವಾಗಿಯೋ ಹೊರಮುಖವಾಗಿಯೋ ನಿಂತರೆ ಟೈರು ಉಜ್ಜಿ ಸವೆಯುತ್ತದೆ. ನಿಂತ ಗಾಡಿಯ ಟೈರನ್ನು ಅಂಗೈಯಿಂದ ಅಡ್ಡಡ್ಡ ಸವರಿ ನೋಡಿ. ಮೀನಿನ ಮೈ ಸವರಿದ ಹಾಗೆ ಒಂದು ಕಡೆ ನುಣುಪು, ವಾಪಸು ಬರುವಾಗ ತರಚುವಂತಿದ್ದರೆ ಅಲೈನ್‌ಮೆಂಟ್ ತಪ್ಪಿದೆ. ಕಾರಿನ ಕೈಪಿಡಿಯನ್ನು ನೋಡಿ, 5,000ದಿಂದ 10,000 ಕಿಲೋಮೀಟರಿಗೊಮ್ಮೆ ಇದನ್ನು ಪರೀಕ್ಷೆ ಮಾಡಿಸುವುದು ರೂಢಿ. ದೊಡ್ಡ ತಗ್ಗಿಗೆ ಬಿದ್ದರೆ ಆಗಲೇ ಮಾಡಿಸಿ. ಮಾಡಿಸಿದ ಮೇಲೆ ನೇರ ರಸ್ತೆಯಲ್ಲಿ ಸ್ಟೇರಿಂಗ್ ಚಕ್ರದ ಕಡ್ಡಿಗಳು ಸಮನಾಗಿ ನಿಲ್ಲಬೇಕು. ಓರೆಯಾಗಿದ್ದರೆ ಕೆಲಸ ಮುಗಿದಿಲ್ಲ, ವಾಪಸು ಹೋಗಿ.

ಪ್ಲೇ ಆಯಿತು, ಎಳೆತ ಆಯಿತು. ಮೂರನೆಯದು ನಡುಕ. ಗಂಟೆಗೆ 70ರಿಂದ 90 ಕಿಲೋಮೀಟರ್ ವೇಗದಲ್ಲಿ ಸ್ಟೇರಿಂಗ್ ನಡುಗುತ್ತದೆ. ಅದಕ್ಕಿಂತ ಕಡಿಮೆ ವೇಗದಲ್ಲೂ ಹೆಚ್ಚು ವೇಗದಲ್ಲೂ ಇರುವುದಿಲ್ಲ. ಹೆಚ್ಚಾಗಿ ಇದು ಬ್ಯಾಲೆನ್ಸಿಂಗ್ ದೋಷ. ಗಾಲಿಯ ಒಂದು ಕಡೆ ತೂಕ ಹೆಚ್ಚಾಗಿರುತ್ತದೆ. ಅಂಚಿಗೆ ಸಿಕ್ಕಿಸಿದ ಪುಟ್ಟ ತೂಕದ ತುಂಡು ಬಿದ್ದುಹೋಗಿರಬಹುದು. ಹೊಲದ ದಾರಿಯಲ್ಲಿ ಓಡಾಡುವವರ ಗಾಡಿಯಲ್ಲಿ ಗಾಲಿಯ ಒಳಮೈಗೆ ಎರೆಮಣ್ಣು ಮೆತ್ತಿಕೊಂಡು ಒಣಗಿದರೂ ಇದೇ ನಡುಕ. ತೊಳೆದು ನೋಡಿ. ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಬ್ರೇಕಿನ ಡಿಸ್ಕ್ ನೋಡಿಸಿ.

ನಾಲ್ಕನೆಯದು ಬಿಗಿ. ಸ್ಟೇರಿಂಗ್ ಇದ್ದಕ್ಕಿದ್ದಂತೆ ಭಾರವಾಗುತ್ತದೆ. ಮತ್ತೆ ಮೊದಲು ಗಾಳಿ ನೋಡಿ. ಎಣ್ಣೆಯ ಪವರ್ ಸ್ಟೇರಿಂಗ್ ಆದರೆ ಬಾನೆಟ್ ಎತ್ತಿ ಪುಟ್ಟ ಎಣ್ಣೆ ಡಬ್ಬಿ ನೋಡಿ. ಅದರ ಮೇಲೆ ಕನಿಷ್ಠ, ಗರಿಷ್ಠ ಎಂದು ಎರಡು ಗೆರೆಗಳಿರುತ್ತವೆ. ಎಣ್ಣೆ ಕೆಳಗಿನ ಗೆರೆಗಿಂತ ಇಳಿದಿದ್ದರೆ ತುಂಬಿಸಿ. ಆದರೆ ಕೈಪಿಡಿ ಹೇಳಿದ ಎಣ್ಣೆಯನ್ನೇ ಹಾಕಿ. ಪದೇ ಪದೇ ಇಳಿದರೆ ಎಲ್ಲೋ ಸೋರುತ್ತಿದೆ. ವಿದ್ಯುತ್ ಸ್ಟೇರಿಂಗ್ ಆದರೆ ಮುಂದಿನ ಫಲಕದಲ್ಲಿ ಸ್ಟೇರಿಂಗ್ ಚಿತ್ರದ ದೀಪ ಹತ್ತಿಕೊಳ್ಳುತ್ತದೆ. ಬ್ಯಾಟರಿ ಸೋತರೂ ಈ ದೀಪ ಬರಬಹುದು. ಎಂಜಿನ್ ನಿಲ್ಲಿಸಿ ಮತ್ತೆ ಚಾಲೂ ಮಾಡಿದಾಗ ದೀಪ ಆರಿದರೂ ಮರೆಯಬೇಡಿ. ತೋರಿಸಿ.

ಐದನೆಯದು ಕೂಗು. ತಿರುಗಿಸುವಾಗ ಗುಂಯ್ ಎಂದರೆ ಎಣ್ಣೆ ಕಡಿಮೆಯಾಗಿ ಪಂಪು ಗಾಳಿ ಕುಡಿಯುತ್ತಿದೆ. ಕಿರ್ರ್ ಎಂದು ಚೀರಿದರೆ ಬೆಲ್ಟ್ ಸಡಿಲವಾಗಿದೆ. ಇನ್ನೊಂದು ರೂಢಿಯನ್ನು ಬಿಡಿ. ಗಾಡಿ ನಿಲ್ಲಿಸುವಾಗ ಸ್ಟೇರಿಂಗನ್ನು ತುದಿಯವರೆಗೆ ತಿರುಗಿಸಿ ಅಲ್ಲಿಯೇ ಒತ್ತಿ ಹಿಡಿಯುವುದು. ಆಗ ಎಣ್ಣೆಗೆ ಹೋಗಲು ದಾರಿ ಇರುವುದಿಲ್ಲ, ಕಾಯುತ್ತದೆ. ತುದಿ ಮುಟ್ಟಿದರೆ ತುಸು ಸಡಿಲಿಸಿ. ಗಾಡಿ ಕೊಂಚ ಉರುಳುತ್ತಿರುವಾಗ ತಿರುಗಿಸಿದರೆ ಟೈರಿಗೂ ಕೀಲಿಗೂ ಸುಖ.

ಟಕ್ ಸದ್ದು, ಪ್ಲೇ, ಎಳೆತ, ನಡುಕ, ಬಿಗಿ, ಕೂಗು. ಈ ಆರು ಮಾತುಗಳನ್ನು ನೆನಪಿಡಿ. ಕೊನೆಯದಾಗಿ ಒಂದು ವಿಷಯ. ಇದು ಗಾಡಿಯ ದೋಷವಲ್ಲ, ನಮ್ಮ ರೂಢಿಯ ದೋಷ. ಪ್ರಾಣಕ್ಕೆ ಸಂಬಂಧಿಸಿದ್ದು.

ಆಗುಂಬೆ, ಚಾರ್ಮಾಡಿ, ಶಿರಾಡಿ ಘಾಟಿ ಇಳಿಯುವಾಗ ಪೆಟ್ರೋಲ್ ಉಳಿಸಲು ಎಂಜಿನ್ ಬಂದ್ ಮಾಡಿ, ನ್ಯೂಟ್ರಲ್ಲಿನಲ್ಲಿ ಗಾಡಿ ಬಿಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಎಂಜಿನ್ ನಿಂತರೆ ಪವರ್ ಸ್ಟೇರಿಂಗಿನ ನೆರವು ನಿಲ್ಲುತ್ತದೆ. ಎರಡು ಮೂರು ಸಲ ಒತ್ತುವಷ್ಟರಲ್ಲಿ ಬ್ರೇಕೂ ಕಲ್ಲಿನಂತಾಗುತ್ತದೆ. ಗೇರಿನ ಹಿಡಿತವೂ ಇರುವುದಿಲ್ಲ. ಆಗುಂಬೆಯ ಹೇರ್‌ಪಿನ್ ತಿರುವಿನಲ್ಲಿ, ಮಂಜು ಮುಸುಕಿದಾಗ, ಎದುರಿಗೆ ಬಸ್ಸು ಬಂದಾಗ ಈ ಮೂರೂ ಕೈಕೊಟ್ಟರೆ ಏನು ಗತಿ?

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಕಳ್ಳತನ ತಡೆಯಲು ಸ್ಟೇರಿಂಗಿಗೆ ಒಂದು ಬೀಗ ಇರುತ್ತದೆ. ಕೀಲಿ ಹೊರಗೆ ತೆಗೆದರೆ, ಒಂದು ಗೂಟ ದಂಡಕ್ಕೆ ಸಿಕ್ಕಿಕೊಂಡು ಚಕ್ರ ಅಲ್ಲಿಯೇ ನಿಲ್ಲುತ್ತದೆ. ಓಡುವ ಗಾಡಿಯಲ್ಲಿ ಹೀಗಾದರೆ ಯಾವ ಮಿಸ್ತ್ರಿಯೂ, ಯಾವ ತೋಳ್ಬಲವೂ ನೆರವಿಗೆ ಬರುವುದಿಲ್ಲ. ಗಾಡಿ ಪೂರ್ತಿ ನಿಲ್ಲುವವರೆಗೆ ಕೀಲಿಯನ್ನು ಮುಟ್ಟಬೇಡಿ. ಮುಂದಿನ ಸೀಟಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಆಡಲು ಬಿಡಬೇಡಿ. ಇಳಿಜಾರನ್ನು ಗೇರಿನಲ್ಲಿಯೇ ಇಳಿಯಿರಿ.

ಕೇಳುಗರೇ, ತೇರಿನ ಗಾಲಿಯ ಪಕ್ಕದಲ್ಲಿ ನಡೆಯುವವರ ನೆನಪಿನಿಂದ ಮಾತು ಶುರು ಮಾಡಿದೆ. ಜಾತ್ರೆಯ ಗದ್ದಲದಲ್ಲೂ ಅವರ ಕಿವಿ ಗಾಲಿಯ ಕಡೆಗೇ ಇರುತ್ತದೆ. ಅಚ್ಚು ಕಿರುಗುಟ್ಟಿತೆಂದರೆ ಅವರು ಕೈ ಎತ್ತುತ್ತಾರೆ, ತೇರು ನಿಲ್ಲುತ್ತದೆ. ಕಾರಿನಲ್ಲಿ ಆ ಜಾಗದಲ್ಲಿ ಕೂತವರು ನೀವೊಬ್ಬರೇ.

ನಾಳೆ ಬೆಳಿಗ್ಗೆ ಗಾಡಿ ತೆಗೆಯುವ ಮೊದಲು ಎರಡೇ ನಿಮಿಷ ಕೊಡಿ. ಟೈರಿನ ಮೇಲೆ ಒಮ್ಮೆ ಅಂಗೈ ಆಡಿಸಿ. ಒಂದು ಬೆರಳಿನಿಂದ ಸ್ಟೇರಿಂಗ್ ಅಲುಗಿಸಿ ನೋಡಿ. ಮೊದಲ ಉಬ್ಬು ಬರುವವರೆಗೆ ರೇಡಿಯೊದ ಸದ್ದನ್ನೂ ತಗ್ಗಿಸಿಡಿ. ಟಕ್ ಎಂದು ಕೇಳಿಸಿದರೆ ಜಾಕಿನ ಸದ್ದೆಂದು ತಳ್ಳಿಹಾಕದೆ, ಅಂದೇ ನಿಮ್ಮ ಮಿಸ್ತ್ರಿಗೆ ತೋರಿಸಿ.